ಅಪ್ಪನ ಅಂಬಾಸಿಡರ್‌ಗೆ ಸ್ಟೀರಿಂಗ್ ಸಾಮಾನು ಎಲ್ಲಿ ಹುಡುಕಲಿ?

ಪ್ರಶ್ನೆ: ನಮ್ಮ ಊರು ಅರಸೀಕೆರೆ ಹತ್ತಿರ. ಅಪ್ಪ 1994ರಲ್ಲಿ ತಗೊಂಡ ಅಂಬಾಸಿಡರ್ 1800 ಐ.ಎಸ್.ಝಡ್. ಇನ್ನೂ ಮನೆಯಲ್ಲಿದೆ. ತೋಟಕ್ಕೆ, ಮದುವೆ ಮುಂಜಿಗೆ ಓಡುತ್ತದೆ. ಇತ್ತೀಚೆಗೆ ಸ್ಟೀರಿಂಗ್ ಮೂರು ಬೆರಳಿನಷ್ಟು ತಿರುಗಿದ ಮೇಲೇ ಟೈರ್ ತಿರುಗುತ್ತದೆ. ಹಳ್ಳ ಹತ್ತಿದರೆ ಟಕ್ ಟಕ್ ಸದ್ದು. ಊರಿನ ಮೆಕ್ಯಾನಿಕ್, ಟೈರುಗಳನ್ನು ಪಕ್ಕಕ್ಕೆ ತಿರುಗಿಸುವ ಹಲ್ಲಿನ ಕೋಲು, ಅಂದರೆ ಇಡೀ ರ‍್ಯಾಕ್ ಹೋಗಿದೆ ಎಂದರು. ಕಂಪನಿ ಮುಚ್ಚಿದೆ, ಹೊಸ ರ‍್ಯಾಕ್ ಎಲ್ಲೂ ಇಲ್ಲ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಟೈರಿನ ಹತ್ತಿರದ ಕೀಲಾದ ಟೈ ರಾಡ್ ಎಂಡ್ ಮಾತ್ರ ಇದೆ ಎಂದರು. ಶಿವಾಜಿನಗರದ ಗುಜರಿಯಲ್ಲಿ ಒಂದು ಹಳೆಯ ರ‍್ಯಾಕ್ ತೋರಿಸಿದರು. ಅದನ್ನು ತಗೊಳ್ಳಲಾ? ಹೊಸದು ಮಾಡಿಸಲಾ? ಮನೆಯವರು ಕಾರನ್ನೇ ಗುಜರಿಗೆ ಹಾಕು ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ.

ಉತ್ತರ: ಆ ಹಳೆಯ ರ‍್ಯಾಕಿಗೆ ಇನ್ನೂ ದುಡ್ಡು ಕೊಟ್ಟಿಲ್ಲ ಅಲ್ವಾ? ಒಳ್ಳೆಯದಾಯಿತು. ಒಂದು ಭಾನುವಾರ ತಡೆಯಿರಿ. ನೀವು ಹೇಳಿದ ಲಕ್ಷಣಕ್ಕೆ ರ‍್ಯಾಕ್ ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ನನ್ನ ಕೈಗೆ ಬಂದ ಅಂಬಾಸಿಡರ್‌ಗಳಲ್ಲಿ ‘ರ‍್ಯಾಕ್ ಹೋಗಿದೆ’ ಎಂದು ಬಂದವೇ ಜಾಸ್ತಿ. ಬಿಚ್ಚಿ ನೋಡಿದಾಗ ರ‍್ಯಾಕ್ ಬದಲಿಸಲೇಬೇಕಾಗಿ ಬಂದದ್ದು ಕಡಿಮೆ. ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳಿದರು ಎಂದು ನಾನು ಹೇಳುತ್ತಿಲ್ಲ. ಸ್ಟೀರಿಂಗ್ ಚಕ್ರದಿಂದ ಟೈರಿನವರೆಗೆ ಹತ್ತಾರು ಕೀಲುಗಳಿವೆ. ಪ್ರತಿಯೊಂದೂ ಕೂದಲೆಳೆಯಷ್ಟು ಸವೆದರೂ ಎಲ್ಲ ಸೇರಿ ನಿಮ್ಮ ಕೈಯಲ್ಲಿ ಮೂರು ಬೆರಳಾಗುತ್ತದೆ. ಆದ್ದರಿಂದ ಸಾಮಾನು ಹುಡುಕಲು ಹೊರಡುವ ಮೊದಲು, ಯಾವ ಸಾಮಾನು ಎಂದು ಗಟ್ಟಿ ಮಾಡಿಕೊಳ್ಳಬೇಕು. ಇದಕ್ಕೆ ಒಬ್ಬ ಜೊತೆಗಾರ, ಒಂದು ಟಾರ್ಚ್, ಒಂದು ಜಾಕ್ ಮತ್ತು ಅದರ ಜೊತೆಗೆ ಸ್ಟ್ಯಾಂಡ್ ಸಾಕು.

ಮೊದಲು ಕಾರು ನೆಲದ ಮೇಲೆ ಟೈರಿನ ಮೇಲೇ ನಿಂತಿರಲಿ. ಗೇರಿನಲ್ಲಿಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಹಿಂದಿನ ಟೈರಿಗೆ ಕಲ್ಲು ಕೊಡಿ, ಎಂಜಿನ್ ಆಫ್ ಮಾಡಿ. ಜೊತೆಗಾರ ಒಳಗೆ ಕೂತು ಸ್ಟೀರಿಂಗನ್ನು ಆ ಕಡೆ ಈ ಕಡೆ ಸಣ್ಣಗೆ ಅಲ್ಲಾಡಿಸುತ್ತಿರಲಿ. ಟೈರ್ ತಿರುಗುವಷ್ಟು ಬೇಡ, ಆ ಖಾಲಿ ಜಾಗದಷ್ಟೇ. ನೀವು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಬೆರಳಿಡುತ್ತಾ ಹೋಗಿ. ಬೆರಳನ್ನು ಕೀಲಿನ ಎರಡೂ ತುಂಡುಗಳ ಮೇಲೆ ಒಟ್ಟಿಗೆ ಇಡಬೇಕು. ಒಂದು ತುಂಡು ಅಲ್ಲಾಡಿ ಇನ್ನೊಂದು ತಡವಾಗಿ ಅಲ್ಲಾಡಿದರೆ ಪ್ಲೇ (ಸವೆತದ ಸಡಿಲ) ಅಲ್ಲೇ ಇದೆ. ಕಣ್ಣಿಗಿಂತ ಬೆರಳಿಗೆ ಇದು ಬೇಗ ತಿಳಿಯುತ್ತದೆ. ಸ್ಟೀರಿಂಗ್ ಕೋಲು, ರ‍್ಯಾಕನ್ನು ಓಡಿಸುವ ಸಣ್ಣ ಹಲ್ಲುಚಕ್ರವಾದ ಪಿನಿಯನ್‌ಗೆ ಸೇರುವ ಜಾಗದಿಂದ ಶುರು ಮಾಡಿ. ಅಲ್ಲಿನ ಬೋಲ್ಟ್ ಸಡಿಲವಾಗಿಯೇ ವರ್ಷಗಟ್ಟಲೆ ಓಡಿದ ಕಾರುಗಳನ್ನು ನೋಡಿದ್ದೇನೆ. ಆಮೇಲೆ ರ‍್ಯಾಕನ್ನು ಹಿಡಿದಿರುವ ಕ್ಲಾಂಪ್. ಇಡೀ ರ‍್ಯಾಕ್ ಹೌಸಿಂಗೇ (ಹೊರಕವಚ) ಪಕ್ಕಕ್ಕೆ ಜರುಗುತ್ತಿದ್ದರೆ ಬೇಕಾಗಿರುವುದು ರ‍್ಯಾಕ್ ಅಲ್ಲ, ಒಂದು ಸ್ಪ್ಯಾನರ್. ಆಮೇಲೆ ಕೀಲನ್ನು ಮುಚ್ಚುವ ಗೇಟರ್ ರಬ್ಬರಿನ ಮೇಲಿಂದಲೇ ಹಿಸುಕಿ ಒಳಗಿನ ಬಾಲ್ ಜಾಯಿಂಟ್ ನೋಡಿ. ಕೊನೆಗೆ ಟೈರಿನ ಹತ್ತಿರದ ಟೈ ರಾಡ್ ಎಂಡ್.

ಇನ್ನು ಮುಂದಿನ ಒಂದು ಟೈರನ್ನು ಜಾಕಿನಲ್ಲಿ ಎತ್ತಿ. ಕೆಳಗೆ ಸ್ಟ್ಯಾಂಡ್ ಇಡದೆ ಕೈ ಹಾಕಬೇಡಿ, ದಯವಿಟ್ಟು. ಗಡಿಯಾರದ 3 ಮತ್ತು 9ರ ಜಾಗದಲ್ಲಿ ಟೈರ್ ಹಿಡಿದು ಅಲ್ಲಾಡಿಸಿದಾಗ ಸಡಿಲ ಇದ್ದರೆ ಅದು ಸ್ಟೀರಿಂಗ್ ಕಡೆಯ ಸವೆತ. 12 ಮತ್ತು 6ರ ಜಾಗದಲ್ಲಿ ಸಡಿಲ ಇದ್ದರೆ ವೀಲ್ ಬೇರಿಂಗ್ ಅಥವಾ ಮುಂದಿನ ಸಸ್ಪೆನ್ಷನ್ ಕೀಲುಗಳಾದ ಟ್ರನಿಯನ್, ಫಲ್‌ಕ್ರಂ ಪಿನ್ ಕಡೆಯ ಸವೆತ. ಎರಡರಲ್ಲಿ ಯಾವುದು? ಜೊತೆಗಾರನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಸಡಿಲ ಮಾಯವಾದರೆ ಬೇರಿಂಗ್. ಬ್ರೇಕ್ ಒತ್ತಿದರೂ ಅಲ್ಲಾಡುತ್ತಿದ್ದರೆ ಟ್ರನಿಯನ್. ನೀವು ಹೇಳಿದ ಟಕ್ ಟಕ್ ಸದ್ದು ಎಷ್ಟೋ ಸಲ ಇಲ್ಲಿಂದಲೇ ಬರುತ್ತದೆ. ಗ್ರೀಸ್ ನಿಪ್ಪಲ್‌ಗಳಿಗೆ ಮಣ್ಣು ಮೆತ್ತಿ ವರ್ಷಗಟ್ಟಲೆ ಗ್ರೀಸ್ ಒಳಗೆ ಹೋಗದಿದ್ದರೆ ಟ್ರನಿಯನ್ ಸವೆದೇ ಸವೆಯುತ್ತದೆ. ಗ್ರೀಸ್ ಗನ್ ಒತ್ತಿದಾಗ ಹಳೆಯ ಕಪ್ಪು ಗ್ರೀಸ್ ಹೊರಗೆ ಬಂತಾ ನೋಡಿ. ಬರಲಿಲ್ಲ ಎಂದರೆ ನಿಪ್ಪಲ್ ಕಟ್ಟಿದೆ. ಅದನ್ನು ಬಿಚ್ಚಿ ಹೊಸದು ಹಾಕಿಸಿ. ತೀರಾ ಸಣ್ಣ ಸಾಮಾನು, ಆದರೆ ಈ ಕಾರಿನ ಮುಂಭಾಗದ ಆಯಸ್ಸು ಅದರಲ್ಲೇ ಇದೆ.

ಇಷ್ಟೆಲ್ಲ ಸರಿ ಇದ್ದು ಪ್ಲೇ ಇನ್ನೂ ಇದ್ದರೆ ಆಗ ರ‍್ಯಾಕಿನ ಮಾತು. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ. ನಮ್ಮ ರಸ್ತೆಗಳಲ್ಲಿ ಬೇರೆ ಎಷ್ಟೋ ಕಾರುಗಳು ಸ್ಟೀರಿಂಗ್ ಬಾಕ್ಸ್ ಇಟ್ಟುಕೊಂಡು ಓಡುತ್ತಿದ್ದ ಕಾಲದಲ್ಲೇ ಇದಕ್ಕೆ ರ‍್ಯಾಕ್ ಮತ್ತು ಪಿನಿಯನ್ ಇತ್ತು. ಆ ವಿನ್ಯಾಸದ ಒಳ್ಳೆಯ ಗುಣ ಏನೆಂದರೆ ಸವೆತವನ್ನು ಸರಿ ಮಾಡಿಕೊಳ್ಳಲು ಅದರಲ್ಲೇ ಜಾಗ ಇಟ್ಟಿದ್ದಾರೆ. ಹೌಸಿಂಗ್ ಮೇಲೆ ಒಂದು ಮುಚ್ಚಳ ಇದೆ. ಅದರೊಳಗೆ ಸ್ಪ್ರಿಂಗ್ ಮತ್ತು ಒಂದು ಪ್ಯಾಡ್. ಆ ಪ್ಯಾಡ್ ರ‍್ಯಾಕನ್ನು ಪಿನಿಯನ್ ಕಡೆಗೆ ಒತ್ತಿ ಹಿಡಿಯುತ್ತದೆ. ಮುಚ್ಚಳದ ಕೆಳಗೆ ತೆಳುವಾದ ತಗಡುಗಳು, ಅಂದರೆ ಶಿಮ್‌ಗಳಿವೆ. ಸವೆದಷ್ಟೂ ಒಂದೊಂದೇ ಶಿಮ್ ತೆಗೆದರೆ ಹಲ್ಲುಗಳು ಮತ್ತೆ ಹತ್ತಿರ ಬರುತ್ತವೆ. ಒಳಗಿನ ಬಾಲ್ ಜಾಯಿಂಟಿಗೂ ಹೀಗೇ ಶಿಮ್ ಇದೆ. ಇದು ಗೊತ್ತಿರುವ ಹಳೆಯ ಮೇಸ್ತ್ರಿಗಳು ಅರ್ಧ ದಿನದಲ್ಲಿ ಪ್ಲೇ ತೆಗೆದು ಕಳಿಸುತ್ತಿದ್ದರು. ಹೊಸ ಹುಡುಗರಿಗೆ ಇಡೀ ರ‍್ಯಾಕ್ ಬದಲಿಸುವುದೇ ಅಭ್ಯಾಸ. ಈಗಿನ ಕಾರುಗಳಲ್ಲಿ ಹಾಗೆಯೇ ಮಾಡುವುದು, ಅವರ ತಪ್ಪಿಲ್ಲ. ನಿಮ್ಮ ಸುತ್ತಮುತ್ತ, ಹಾಸನದಲ್ಲೋ ತಿಪಟೂರಿನಲ್ಲೋ, ಸರ್ಕಾರಿ ಕಾರುಗಳ ಕೆಲಸ ಮಾಡಿದ ಹಿರಿಯ ಮೇಸ್ತ್ರಿ ಒಬ್ಬರು ಇದ್ದೇ ಇರುತ್ತಾರೆ. ಡಿ.ಸಿ. ಆಫೀಸಿನಿಂದ ಹಿಡಿದು ತಾಲ್ಲೂಕು ಆಫೀಸಿನವರೆಗೆ ಒಂದು ಕಾಲಕ್ಕೆ ಇದೇ ಕಾರು ಓಡುತ್ತಿತ್ತಲ್ಲ. ಅವರನ್ನು ಹುಡುಕಿ. ರ‍್ಯಾಕ್ ಹುಡುಕುವುದಕ್ಕಿಂತ ಇದು ಸುಲಭ.

ಶಿಮ್ ತೆಗೆದರೂ ಸರಿಯಾಗದ ಸವೆತ ಒಂದಿದೆ. ಕಾರು ಹೆಚ್ಚು ಓಡುವುದು ನೇರಕ್ಕೆ. ಹಾಗಾಗಿ ರ‍್ಯಾಕಿನ ನಡುವಿನ ಹಲ್ಲುಗಳೇ ಹೆಚ್ಚು ಸವೆಯುತ್ತವೆ, ತುದಿಯವು ಹೊಸದರಂತೆಯೇ ಇರುತ್ತವೆ. ಮುಂದಿನ ಎರಡೂ ಟೈರ್ ಎತ್ತಿ, ಸ್ಟೀರಿಂಗನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ನಿಧಾನವಾಗಿ ತಿರುಗಿಸಿ. ನಡುವೆ ಸಡಿಲ, ಕೊನೆಗಳಲ್ಲಿ ಬಿಗಿ ಎಂದಾದರೆ ರ‍್ಯಾಕ್ ನಿಜವಾಗಿ ಮುಗಿದಿದೆ. ನಡುವಿನ ಸಡಿಲ ಹೋಗುವಷ್ಟು ಶಿಮ್ ತೆಗೆದರೆ ತಿರುವಿನಲ್ಲಿ ಸ್ಟೀರಿಂಗ್ ಕಚ್ಚಿಕೊಳ್ಳುತ್ತದೆ, ತಾನಾಗಿ ವಾಪಸ್ ಬರುವುದಿಲ್ಲ. ಅದು ಪ್ಲೇಗಿಂತ ಅಪಾಯ. ಯಾರಾದರೂ ‘ಬಿಗಿ ಮಾಡಿಕೊಡ್ತೀನಿ’ ಎಂದು ಹಾಗೆ ಮಾಡಿದರೆ ಒಪ್ಪಬೇಡಿ.

ಈಗ ಕೊಳ್ಳುವ ವಿಷಯ. ನನ್ನ ನಿಯಮ ಒಂದೇ. ಸವೆಯುವ ಕೀಲು ಹೊಸದೇ ಆಗಬೇಕು, ಹೌಸಿಂಗ್ ಮತ್ತು ಹಲ್ಲಿನ ಸಾಮಾನು ಹಳೆಯದಾದರೂ ನಡೆಯುತ್ತದೆ. ಟೈ ರಾಡ್ ಎಂಡನ್ನು ಗುಜರಿಯಿಂದ ತರಬೇಡಿ, ಅದು ಎಷ್ಟೇ ಗಟ್ಟಿಯಾಗಿ ಕಂಡರೂ. ಅದರೊಳಗಿನ ಬಾಲು ಎಷ್ಟು ಸವೆದಿದೆ, ಪಿನ್ನಿನ ಕುತ್ತಿಗೆಯಲ್ಲಿ ಬಿರುಕಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಪುಣ್ಯಕ್ಕೆ ಇದೇ ಸಾಮಾನು ಇನ್ನೂ ಹೊಸದಾಗಿ ಸಿಗುತ್ತದೆ. ಜೆ.ಸಿ. ರೋಡಿನವರು ನಿಮಗೆ ಹೇಳಿದ್ದು ಸರಿ. ನಮ್ಮ ದೇಶದಲ್ಲಿ ಸ್ಟೀರಿಂಗ್ ಸಾಮಾನು ಮಾಡುವ ಹಳೆಯ ಕಂಪನಿಗಳಿವೆ. 1929ರಲ್ಲಿ ಶುರುವಾದ ರಾಣೆ ಅವುಗಳಲ್ಲಿ ಒಂದು. ಅದರ ಒಂದು ಕಾರ್ಖಾನೆ ನಮ್ಮ ಮೈಸೂರಿನಲ್ಲೇ ಇದೆ. ಅಂಗಡಿಯಲ್ಲಿ ಕೇಳುವಾಗ ‘ಅಂಬಾಸಿಡರ್ ಎಂಡ್’ ಎಂದಷ್ಟೇ ಕೇಳಬೇಡಿ. ಎಡ ಎಷ್ಟು, ಬಲ ಎಷ್ಟು, ಯಾವ ಮಾಡೆಲ್ ಎಂದು ಹೇಳಿ. ಅದಕ್ಕಿಂತ ಒಳ್ಳೆಯದು, ಹಳೆಯದನ್ನು ಬಿಚ್ಚಿ ತೊಳೆದು ಕೈಯಲ್ಲಿ ಹಿಡಿದುಕೊಂಡು ಹೋಗುವುದು. 30 ವರ್ಷದ ಕಾರಿನಲ್ಲಿ ಆರ್.ಸಿ. ಪುಸ್ತಕ ಹೇಳುವ ಸಾಮಾನೇ ಇರುತ್ತದೆ ಎಂಬ ಖಾತ್ರಿ ಇಲ್ಲ. ಯಾವ ವರ್ಷ ಯಾರು ಯಾವ ಮಾರ್ಕಿನ ಸಾಮಾನು ಹಾಕಿದರೋ ಅಪ್ಪನಿಗೂ ನೆನಪಿರಲಿಕ್ಕಿಲ್ಲ.

ಅಂಗಡಿಗೆ ದಪ್ಪ ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್, ತಿರುಪಿನ ಸುತ್ತು (ಥ್ರೆಡ್) ಅಳೆಯಲು ಒಂದು ಥ್ರೆಡ್ ಗೇಜ್ ಒಯ್ಯಿರಿ. ಇವು ಇಲ್ಲದಿದ್ದರೆ ನಿಮ್ಮೂರಿನ ಲೇತ್ ಅಂಗಡಿಯವರನ್ನು ಕೇಳಿ, ಒಂದು ದಿನಕ್ಕೆ ಕೊಡುತ್ತಾರೆ. ಅಂಬಾಸಿಡರ್‌ನ ಮುಂಭಾಗದ ಥ್ರೆಡ್‌ಗಳು ಇಂಗ್ಲೆಂಡಿನಿಂದ ಬಂದ ಇಂಚಿನ ಲೆಕ್ಕದವು. ನಿಮ್ಮ ಕಾರಿನ ಇಸುಜು ಎಂಜಿನ್ ಜಪಾನಿನ ಮೆಟ್ರಿಕ್ ಲೆಕ್ಕದ್ದು. ಒಂದೇ ಕಾರಿನಲ್ಲಿ ಎರಡೂ ಇವೆ. ಇಲ್ಲೇ ಗೊಂದಲ ಹುಟ್ಟುವುದು. ಒಂದು ಉದಾಹರಣೆ ಕೊಡುತ್ತೇನೆ. 9/16 ಇಂಚಿನ ನಯ ಥ್ರೆಡ್ ಸುಮಾರು 14.3 ಮಿ.ಮೀ. ದಪ್ಪ, ಇಂಚಿಗೆ 18 ಸುತ್ತು. ಎಂದರೆ ಸುತ್ತಿಂದ ಸುತ್ತಿಗೆ 1.41 ಮಿ.ಮೀ. ಮೆಟ್ರಿಕ್‌ನ 14 ಮಿ.ಮೀ. ನಯ ಥ್ರೆಡ್‌ನಲ್ಲಿ ಆ ಅಂತರ 1.5 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಒಂದನ್ನು ಇನ್ನೊಂದಕ್ಕೆ ಎರಡು ಸುತ್ತು ಹಾಕಬಹುದು, ಮೂರನೆಯದಕ್ಕೆ ಬಿಗಿಯಾಗುತ್ತದೆ. ‘ಹೊಸದು ಅಲ್ವಾ, ಬಿಗಿ ಇರುತ್ತೆ’ ಎಂದು ಪೈಪ್ ಹಾಕಿ ತಿರುಗಿಸಿದರೆ ಥ್ರೆಡ್ ಕಿತ್ತುಹೋಗುತ್ತದೆ. ಕಿತ್ತುಹೋದ ಥ್ರೆಡ್ ಮೇಲೆ ಲಾಕ್ ನಟ್ ಬಿಗಿದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಟೈ ರಾಡ್ ಎಂಡ್ ಬರಿಗೈಯಲ್ಲೇ ಸಲೀಸಾಗಿ ಕೊನೆಯವರೆಗೆ ಹೋಗಬೇಕು. ಹೋಗದಿದ್ದರೆ ಅದು ನಿಮ್ಮದಲ್ಲ.

ಥ್ರೆಡ್‌ಗಿಂತ ನನಗೆ ಹೆಚ್ಚು ಭಯ ಇರುವುದು ಟೇಪರ್ ಬಗ್ಗೆ. ಟೈ ರಾಡ್ ಎಂಡಿನ ಪಿನ್ ಮೇಲಕ್ಕೆ ಹೋದಂತೆ ಸಣ್ಣದಾಗುತ್ತದೆ. ಸ್ಟೀರಿಂಗ್ ಆರ್ಮಿನ ತೂತೂ ಅದೇ ಇಳಿಜಾರಿನಲ್ಲಿ ಸಣ್ಣದಾಗುತ್ತದೆ. ಎರಡೂ ಉದ್ದಕ್ಕೂ ಒಂದಕ್ಕೊಂದು ಅಂಟಿ ಕೂತಾಗಲೇ ಅದಕ್ಕೆ ಬಲ. ಒಂದು ಕಾರಿನ ಟೇಪರ್ ಇನ್ನೊಂದರದ್ದಕ್ಕಿಂತ ಚೂರು ಬೇರೆ ಇದ್ದರೂ ಪಿನ್ ಒಳಗೆ ಹೋಗುತ್ತದೆ, ನಟ್ ಬಿಗಿಯುತ್ತದೆ, ನಟ್ ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ನೂ ಹಾಕಬಹುದು. ಆದರೆ ಅದು ಮುಟ್ಟಿರುವುದು ಮೇಲಿನ ಅಂಚಿನಲ್ಲೋ ಕೆಳಗಿನ ಅಂಚಿನಲ್ಲೋ ಮಾತ್ರ. ಪ್ರತಿ ಹಳ್ಳಕ್ಕೂ ಪಿನ್ ಆ ಅಂಚಿನಲ್ಲಿ ಬಾಗುತ್ತದೆ, ಒಂದು ದಿನ ಮುರಿಯುತ್ತದೆ. ಬಹಳ ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ‘ಇದೂ ಅದೇ ಸಾರ್, ಕೂರುತ್ತೆ’ ಎಂದು ಕೊಟ್ಟ ಎಂಡನ್ನು ನಾನೇ ನನ್ನ ಕಾರಿಗೆ ಹಾಕಿದೆ. ನಾಲ್ಕು ತಿಂಗಳು ಓಡಿತು. ಮನೆ ಗೇಟಿನೊಳಗೆ ತಿರುಗಿಸುವಾಗ ಎಡ ಟೈರ್ ಒಂದು ಕಡೆ, ಬಲ ಟೈರ್ ಒಂದು ಕಡೆ ನೋಡಿಕೊಂಡು ನಿಂತವು. ಅದಕ್ಕೆ ಹಿಂದಿನ ದಿನ ಅದೇ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದು ಬಂದಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಇವತ್ತಿಗೂ ನಾನು ಪ್ರತಿಯೊಂದು ಟೇಪರನ್ನೂ ಪರೀಕ್ಷೆ ಮಾಡಿಯೇ ಹಾಕುವುದು.

ಪರೀಕ್ಷೆ ಸುಲಭ. ಹೊಸ ಪಿನ್ನಿಗೆ ಇಂಜಿನಿಯರ್ಸ್ ಬ್ಲೂ ಎಂಬ ನೀಲಿ ಬಣ್ಣ ತೆಳ್ಳಗೆ ಸವರಿ. ಅದು ಸಿಗದಿದ್ದರೆ ಮಾರ್ಕರ್ ಪೆನ್ನಿನಲ್ಲಿ ಉದ್ದುದ್ದ ನಾಲ್ಕು ಗೆರೆ ಎಳೆಯಿರಿ. ತೂತನ್ನು ಚೆನ್ನಾಗಿ ಒರೆಸಿ, ಪಿನ್ನನ್ನು ಒತ್ತಿ ಕಾಲು ಸುತ್ತು ತಿರುಗಿಸಿ ಹೊರಗೆ ತೆಗೆಯಿರಿ. ಬಣ್ಣ ಉದ್ದಕ್ಕೂ ಉಜ್ಜಿಹೋಗಿದ್ದರೆ ಸರಿ. ಒಂದು ತುದಿಯಲ್ಲಷ್ಟೇ ಉಜ್ಜಿದ್ದರೆ ವಾಪಸ್ ಕೊಡಿ. ತೂತನ್ನು ರೀಮರ್ ಹಾಕಿ ದೊಡ್ಡದು ಮಾಡಿಸೋಣ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ನೀವು ಕೆಡಿಸುವುದು ಸಿಗದೇ ಇರುವ ಸಾಮಾನನ್ನು.

ಡೂಪ್ಲಿಕೇಟ್ ಬಗ್ಗೆ ಎರಡು ಮಾತು. ಒಳ್ಳೆಯ ಹೊಸ ಎಂಡಿನ ಪಿನ್ನನ್ನು ಕೈಯಲ್ಲಿ ಅಲ್ಲಾಡಿಸಿದರೆ ಬಿಗಿಯಾಗಿ, ಎಲ್ಲ ಕಡೆಗೂ ಒಂದೇ ಸಮ ತಿರುಗಬೇಕು. ತೊಳತೊಳ ಇರಬಾರದು, ನಡುವೆ ಕಚ್ಚಬಾರದು. ಅಕ್ಷರಗಳು ಲೋಹದಲ್ಲೇ ಸ್ಪಷ್ಟವಾಗಿ ಮೂಡಿರಬೇಕು. ಪೆಟ್ಟಿಗೆ ಎಷ್ಟು ಚೆನ್ನಾಗಿದೆ ಎಂದು ನೋಡುವುದು ದಂಡ, ಪೆಟ್ಟಿಗೆ ಯಾರು ಬೇಕಾದರೂ ಅಚ್ಚು ಹಾಕಿಸುತ್ತಾರೆ. ಬಿಲ್ ಕೊಡುವ ಅಂಗಡಿಯಲ್ಲೇ ತಗೊಳ್ಳಿ. ಇನ್ನೊಂದು ಥರದ ಮಾಲು ಇದೆ, ಹಳೆಯ ಸ್ಟಾಕು. ಜಿಲ್ಲಾ ಕೇಂದ್ರಗಳ ಹಳೆಯ ಸ್ಪೇರ್ ಅಂಗಡಿಗಳ ಅಟ್ಟದಲ್ಲಿ 20 ವರ್ಷದಿಂದ ಪೆಟ್ಟಿಗೆ ತೆರೆಯದೆ ಬಿದ್ದಿರುವ ಸಾಮಾನು. ಇದು ಸಿಕ್ಕರೆ ನನಗೆ ಬಹಳ ಸಂತೋಷ, ಲೋಹ ಒಳ್ಳೆಯದಿರುತ್ತದೆ. ಆದರೆ ಅದರ ರಬ್ಬರ್ ಬೂಟಿಗೆ ವಯಸ್ಸಾಗಿರುತ್ತದೆ, ಗ್ರೀಸ್ ಒಣಗಿ ಅಂಟಾಗಿರುತ್ತದೆ. ಬೂಟ್ ಹೊಸದು ಹಾಕಿ, ಗ್ರೀಸ್ ಬದಲಿಸಿ ಬಳಸಿ.

ಗೇಟರ್, ಆಯಿಲ್ ಸೀಲ್, ಬೇರಿಂಗ್ ಇವಕ್ಕೆ ಅಂಬಾಸಿಡರ್ ಎಂಬ ಹೆಸರೇ ಬೇಡ. ಬೇರಿಂಗ್ ಮೇಲೆ ನಂಬರ್ ಇದ್ದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಕೊಡುತ್ತಾರೆ. ಸೀಲಿಗೆ ಒಳ ಅಳತೆ, ಹೊರ ಅಳತೆ, ದಪ್ಪ ಬರೆದುಕೊಂಡು ಹೋಗಿ. ಗೇಟರಿಗೆ ಎರಡು ಬಾಯಿಗಳ ಅಳತೆ ಮತ್ತು ಪೂರ್ತಿ ಎಳೆದಾಗಿನ ಉದ್ದ. ಬೇರೆ ಕಾರಿನ ಗೇಟರ್ ಕೂತರೂ ಪರವಾಗಿಲ್ಲ, ತಿರುವಿನ ಕೊನೆಯಲ್ಲಿ ಅದು ಬಿಗಿಯಾಗಿ ಎಳೆಯಬಾರದು ಅಷ್ಟೇ. ಗೇಟರ್ ಹರಿದಿದ್ದರೆ ಅದನ್ನು ಅಲಕ್ಷ್ಯ ಮಾಡಬೇಡಿ. ಮಾರಿಸ್ ಕಾಲದ ಈ ರ‍್ಯಾಕ್ ಒಳಗೆ ಇರಬೇಕಾದದ್ದು ಗೇರ್ ಆಯಿಲ್. ಗೇಟರ್ ಹರಿದರೆ ಆಯಿಲ್ ಸೋರಿ ನಮ್ಮ ಕೆಂಪು ಧೂಳು ಒಳಗೆ ಹೋಗುತ್ತದೆ. ಆಮೇಲೆ ಅದು ಉಪ್ಪುಕಾಗದದ ಹಾಗೆ ಹಲ್ಲುಗಳನ್ನು ಉಜ್ಜುತ್ತದೆ. ಆಯಿಲ್ ಬದಲಿಗೆ ಗ್ರೀಸ್ ತುಂಬಿಸುವ ಅಭ್ಯಾಸ ಬಹಳ ಕಡೆ ಇದೆ. ಗ್ರೀಸ್ ಒಂದು ಸಲ ಪಕ್ಕಕ್ಕೆ ಸರಿದರೆ ವಾಪಸ್ ಹರಿದು ಬರುವುದಿಲ್ಲ, ಹಲ್ಲು ಒಣಗಿಯೇ ಉಜ್ಜುತ್ತದೆ.

ಈಗ ನಿಮ್ಮ ರ‍್ಯಾಕ್ ನಿಜವಾಗಿಯೂ ಮುಗಿದಿದೆ ಎಂದುಕೊಳ್ಳೋಣ. ಎಲ್ಲಿ ಹುಡುಕುವುದು? ನನ್ನ ಮೊದಲ ಉತ್ತರ ಕೋಲ್ಕತ್ತಾ. ಈ ಕಾರು ತಯಾರಾಗುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆ ಅಲ್ಲೇ ಹತ್ತಿರದ ಉತ್ತರಪಾಡಾದಲ್ಲಿತ್ತು. 2014ರ ಮೇ ತಿಂಗಳಲ್ಲಿ ಕೆಲಸ ನಿಂತಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನೂ ಪ್ಯೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಿದರು. ಆದರೆ ಹೆಸರು ಮಾರಿದ ಮೇಲೂ ಅಲ್ಲಿನ ಹಳದಿ ಟ್ಯಾಕ್ಸಿಗಳು ಓಡುತ್ತಲೇ ಇದ್ದವು. ದಿನವಿಡೀ ಓಡುವ ಟ್ಯಾಕ್ಸಿಗೆ ಸಾಮಾನು ಬೇಕೇ ಬೇಕು. ಅದಕ್ಕೇ ಅಲ್ಲಿನ ಮಲ್ಲಿಕ್ ಬಜಾರ್ ಕಡೆ ಅಂಬಾಸಿಡರ್ ಸಾಮಾನಿನ ವ್ಯಾಪಾರ ಉಳಿದುಕೊಂಡಿತು. 15 ವರ್ಷ ತುಂಬಿದ ಟ್ಯಾಕ್ಸಿಗಳನ್ನು ರಸ್ತೆಯಿಂದ ತೆಗೆಯುತ್ತಾ ಬಂದಿರುವುದರಿಂದ ಬಿಚ್ಚಿದ ಸಾಮಾನೂ ಅಲ್ಲಿದೆ. ಆದರೆ ಕೊಳ್ಳುವ ಟ್ಯಾಕ್ಸಿಗಳು ಕಡಿಮೆಯಾದಂತೆ ಅಂಗಡಿಯವರೂ ಈ ಮಾಲು ಇಡುವುದನ್ನು ಬಿಡುತ್ತಾರೆ. ಬೇಕಾದದ್ದನ್ನು ಈಗಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಟ್ಯಾಕ್ಸಿಯಿಂದ ಬಿಚ್ಚಿದ ರ‍್ಯಾಕ್ ಮಾತ್ರ ಬೇಡ, ಅದು ನಿಮ್ಮದಕ್ಕಿಂತ ಹೆಚ್ಚು ಓಡಿರುತ್ತದೆ. ಹೊಸದು ಅಥವಾ ಹಳೆಯ ಸ್ಟಾಕ್ ಇದೆಯೇ ಕೇಳಿ. ದೆಹಲಿಯ ಕಾಶ್ಮೀರಿ ಗೇಟ್ ಹೊಸ ಸಾಮಾನಿಗೆ, ಚೆನ್ನೈನ ಪುದುಪೇಟೆ ಬಿಚ್ಚಿದ ಸಾಮಾನಿಗೆ ಹೆಸರಾದವು. ಫೋನಿನಲ್ಲಿ ಫೋಟೋ ಕಳಿಸಿ ಎಂದರೆ ಕಳಿಸುತ್ತಾರೆ. ಫೋಟೋದಲ್ಲಿ ಪಕ್ಕದಲ್ಲೇ ಒಂದು ಅಳತೆ ಟೇಪ್ ಇಡಿ ಎಂದು ಹೇಳಿ. ಇಡದಿದ್ದರೆ ದುಡ್ಡು ಕಳಿಸಬೇಡಿ.

ಶಿವಾಜಿನಗರದ ರ‍್ಯಾಕನ್ನು ಬೇಡ ಎಂದು ನಾನು ಹೇಳುವುದಿಲ್ಲ. ನೋಡಿ ತಗೊಳ್ಳಿ. ಯಾವ ಕಾರಿನಿಂದ ಬಿಚ್ಚಿದ್ದು ಎಂದು ಕೇಳಿ. ಮುಂದೆ ಗುದ್ದಿದ ಕಾರಿನದ್ದಾದರೆ ಅಲ್ಲಿಗೇ ಬಿಡಿ. ಗುದ್ದು ರ‍್ಯಾಕಿನವರೆಗೆ ಬಂದಿದೆಯೋ ಇಲ್ಲವೋ ಗುಜರಿ ಅಂಗಡಿಯಲ್ಲಿ ನಿಂತು ಹೇಳಲಾಗದು. ಪಿನಿಯನ್ ಮೇಲಿನ ಸ್ಪ್ಲೈನ್ ಗೀರುಗಳನ್ನು ಎಣಿಸಿ, ನಿಮ್ಮದರಲ್ಲೂ ಅಷ್ಟೇ ಇರಬೇಕು. ಒಂದು ಕೊನೆಯಿಂದ ಇನ್ನೊಂದಕ್ಕೆ ಎಷ್ಟು ಸುತ್ತು ಬರುತ್ತದೆ ನೋಡಿ, ಅದೂ ನಿಮ್ಮದಕ್ಕೆ ಹೊಂದಬೇಕು. ತಿರುಗಿಸುವಾಗ ನಡುವಿನಲ್ಲಿ ಸಡಿಲ ಸಿಗುತ್ತದಾ ಎಂಬುದು ಮುಖ್ಯ. ಒಪ್ಪಿದರೆ ಒಂದು ಗೇಟರ್ ಬಿಚ್ಚಿಸಿ ಒಳಗೆ ಬೆರಳು ಹಾಕಿ. ಎಣ್ಣೆಯ ಜಿಡ್ಡು ಸಿಕ್ಕರೆ ಒಳ್ಳೆಯ ಸುದ್ದಿ. ತುಕ್ಕಿನ ಪುಡಿ ಸಿಕ್ಕರೆ ಬೇಡ. ತಂದ ಮೇಲೆ ಮೇಸ್ತ್ರಿಯ ಹತ್ತಿರ ಪೂರ್ತಿ ಬಿಚ್ಚಿಸಿ. ರ‍್ಯಾಕ್ ಕೋಲನ್ನು ಸಮತಟ್ಟಾದ ದಪ್ಪ ಗಾಜಿನ ಮೇಲೆ ಹಲ್ಲಿಲ್ಲದ ಭಾಗ ತಾಗುವಂತೆ ಉರುಳಿಸಿ ಬಾಗಿದೆಯಾ ನೋಡಲಿ. ಬಿರುಕು ಹುಡುಕಲು ಡೈ ಪೆನಿಟ್ರೆಂಟ್ ಎಂಬ ಸ್ಪ್ರೇ ಬರುತ್ತದೆ. ಕೆಂಪು ಹೊಡೆದು, ಒರೆಸಿ, ಬಿಳಿ ಹೊಡೆದರೆ ಬಿರುಕು ಇದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ವೆಲ್ಡಿಂಗ್ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಸ್ಟೀರಿಂಗಿನ ಯಾವ ಹಳೆಯ ಸಾಮಾನನ್ನೂ ಇದಿಲ್ಲದೆ ನಾನು ಕಾರಿಗೆ ಹಾಕುವುದಿಲ್ಲ. ಇನ್ನೊಂದು ಉಪಾಯ ಇದೆ. ನಿಮ್ಮ ಹೌಸಿಂಗ್ ಚೆನ್ನಾಗಿದ್ದು ಅವರ ರ‍್ಯಾಕ್ ಮತ್ತು ಪಿನಿಯನ್ ಚೆನ್ನಾಗಿದ್ದರೆ ಎರಡರಿಂದ ಒಂದು ಮಾಡಬಹುದು. ಆದರೆ ರ‍್ಯಾಕ್ ಮತ್ತು ಪಿನಿಯನ್ ಯಾವಾಗಲೂ ಜೋಡಿ. ಒಂದರದ್ದು ಇನ್ನೊಂದಕ್ಕೆ ಸೇರಿಸಬೇಡಿ.

ಹೌಸಿಂಗ್ ಒಳಗಿನ ಬುಷ್ (ಕೋಲು ಜಾರುವ ಬಳೆ) ಸವೆದಿದ್ದರೆ ಲೇತಿನಲ್ಲಿ ಫಾಸ್ಫರ್ ಬ್ರಾಂಜ್ ಬುಷ್ ಮಾಡಿಸಿ ಹಾಕಬಹುದು. ಒಳ್ಳೆಯ ಕೆಲಸಗಾರನಿಗೆ ಇದು ಕಷ್ಟವಲ್ಲ. ಆದರೆ ರ‍್ಯಾಕನ್ನೇ ಹೊಸದಾಗಿ ಮಾಡಿಸುವ ಮಾತು ಬೇರೆ. ಪೀಣ್ಯದಲ್ಲಿ ಹಲ್ಲು ಕೊರೆಯುವ ಸಣ್ಣ ಕಾರ್ಖಾನೆಗಳು ಬಹಳ ಇವೆ, ಅಳತೆ ಕೊಟ್ಟರೆ ಕೊರೆದು ಕೊಡುತ್ತಾರೆ. ಕೊರೆಯುವುದು ಅರ್ಧ ಕೆಲಸ. ಯಾವ ಉಕ್ಕು, ಹಲ್ಲನ್ನು ಎಷ್ಟು ಆಳ ಹದ ಮಾಡಬೇಕು (ಕಾಯಿಸಿ ಗಟ್ಟಿ ಮಾಡಬೇಕು), ಹದ ಮಾಡಿದ ಮೇಲೆ ಕೋಲು ಬಾಗಿತೇ, ಒಳಗೆ ಬಿರುಕು ಬಿಟ್ಟಿತೇ, ಇದು ಉಳಿದರ್ಧ. ಹದ ಕಡಿಮೆಯಾದರೆ ಬೇಗ ಸವೆಯುತ್ತದೆ, ಜಾಸ್ತಿಯಾದರೆ ಗಾಜಿನ ಹಾಗೆ ಮುರಿಯುತ್ತದೆ. ಹದ ಮಾಡಿದ ರಿಪೋರ್ಟ್ ಮತ್ತು ಬಿರುಕು ಪರೀಕ್ಷೆಯ ರಿಪೋರ್ಟ್ ಎರಡನ್ನೂ ಕಾಗದದಲ್ಲಿ ಕೊಡುವವರು ಸಿಕ್ಕರೆ ಮಾತ್ರ ಮಾಡಿಸಿ. ಒಂದೇ ಒಂದು ರ‍್ಯಾಕಿಗೆ ಇಷ್ಟೆಲ್ಲ ಮಾಡಿಸುವುದು ದುಬಾರಿ. ಹತ್ತು ಜನ ಅಂಬಾಸಿಡರ್ ಮಾಲೀಕರು ಸೇರಿ ಹತ್ತು ಮಾಡಿಸಿದರೆ ಅರ್ಥ ಇದೆ. ನೀವು ಒಬ್ಬರೇ ಆದರೆ ಚೆನ್ನಾಗಿರುವ ಹಳೆಯ ರ‍್ಯಾಕೇ ವಾಸಿ.

ಇಂಗ್ಲೆಂಡಿನಿಂದ ತರಿಸಬಹುದೇ ಎಂದು ಕೆಲವರು ಕೇಳುತ್ತಾರೆ. ನಿಮ್ಮ ಕಾರಿನ ವಂಶದ ಮಾರಿಸ್ ಆಕ್ಸ್‌ಫರ್ಡ್ ಅಲ್ಲಿ 1959ರಲ್ಲೇ ನಿಂತಿತು. ಅಲ್ಲಿ ಉಳಿದಿರುವ ಕಾರುಗಳೇ ಕಡಿಮೆ, ಅವರೇ ನಮ್ಮ ಕಡೆಯಿಂದ ಸಾಮಾನು ಕೇಳುವಂತಿದೆ. ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರಿಗೆ ಈ ದಾರಿ ಚೆನ್ನಾಗಿದೆ. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿದ್ದ ಅದೇ ಕಾರಿಗೆ ಅಲ್ಲಿ ಇನ್ನೂ ಸಾಮಾನು ತಯಾರಾಗುತ್ತದೆ, ಅಲ್ಲಿಯೂ ಸ್ಟೀರಿಂಗ್ ಬಲಗಡೆಯೇ. ಫಿಯಟ್ ಪದ್ಮಿನಿಯವರು ಮಾತ್ರ ಇಟಲಿಯಿಂದ ತರಿಸುವಾಗ ಎಚ್ಚರ ಇರಲಿ. ಅಲ್ಲಿ ಸ್ಟೀರಿಂಗ್ ಎಡಗಡೆ. ಟೈ ರಾಡ್ ಎಂಡ್ ಹೊಂದಬಹುದು, ಎಡಗಡೆಯ ಕಾರಿನ ಸ್ಟೀರಿಂಗ್ ಬಾಕ್ಸ್ ನಮ್ಮದರಲ್ಲಿ ಕೂರುವುದಿಲ್ಲ.

ಈ ಹುಡುಕಾಟದಲ್ಲಿ ಯಾರಾದರೂ ಬೇರೆ ಕಾರಿನ ಪವರ್ ಸ್ಟೀರಿಂಗ್ ಕೂರಿಸಿಕೊಡುತ್ತೇನೆ ಎಂದೇ ಎನ್ನುತ್ತಾರೆ. ಕೋಲು ಕತ್ತರಿಸಿ, ವೆಲ್ಡ್ ಮಾಡಿ ಸೇರಿಸುವ ಕೆಲಸ ಅದು. ಸ್ಟೀರಿಂಗಿನಲ್ಲಿ ವೆಲ್ಡಿಂಗ್ ಬೇಡ. ಬಾಗಿದ ಟೈ ರಾಡನ್ನು ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡುವುದೂ ಬೇಡ. ಕಾಯಿಸಿದ ಜಾಗದ ಹದ ಹೋಗುತ್ತದೆ, ಮುಂದೆ ಬಾಗುವುದು ಅಲ್ಲೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪದಿಂದ ವಾಹನವನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗೂ ಇಲ್ಲ. ನಿಮ್ಮ ಕಾರಿಗೆ 15 ವರ್ಷ ಎಂದೋ ತುಂಬಿದೆ. ಐದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಣಕ್ಕೆ ಆರ್.ಟಿ.ಒ. ಮುಂದೆ ಕಾರು ನಿಲ್ಲಿಸಲೇಬೇಕು. ಅಲ್ಲಿ ಸ್ಟೀರಿಂಗ್ ನೋಡುತ್ತಾರೆ. ಕೊಂಡ ಸಾಮಾನಿನ ಬಿಲ್‌ಗಳನ್ನು ಆರ್.ಸಿ. ಜೊತೆಗೇ ಇಟ್ಟಿರಿ. ಹಳೆಯ ಸಾಮಾನಿಗೂ ಬಿಲ್ ಕೇಳಿ. ಕದ್ದ ಕಾರಿನ ಸಾಮಾನಲ್ಲ ಎನ್ನುವುದಕ್ಕೆ ನಿಮ್ಮ ಹತ್ತಿರ ಇರುವುದು ಅದೊಂದೇ.

ಮನೆಯವರ ಮಾತಿಗೂ ಉತ್ತರ ಹೇಳಬೇಕಲ್ಲ. ಸ್ಟೀರಿಂಗ್ ಸಡಿಲವಾಗಿದೆ ಎಂಬ ಒಂದೇ ಕಾರಣಕ್ಕೆ ಈ ಕಾರನ್ನು ಗುಜರಿಗೆ ಹಾಕಬೇಕಾಗಿಲ್ಲ. ಶಾಸಿ ಭಾಗ ತುಕ್ಕು ಹಿಡಿದು ಟೊಳ್ಳಾಗಿದ್ದರೆ ನಾನು ಅವರ ಪರ. ರ‍್ಯಾಕ್ ಕೂರುವ ಜಾಗ, ಸಸ್ಪೆನ್ಷನ್ ಆರ್ಮ್ ಕೂರುವ ಜಾಗ ಇವನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಣ್ ಎಂಬ ಸದ್ದು ಬಂದರೆ ಖರ್ಚು ಮಾಡಿ. ಮೆತ್ತಗೆ ಸದ್ದು ಬಂದು ತುಕ್ಕಿನ ಪದರ ಉದುರಿದರೆ ಮೊದಲು ಅದರ ಕೆಲಸ, ಸ್ಟೀರಿಂಗ್ ಆಮೇಲೆ. ಅಲ್ಲಿಯವರೆಗೆ ಕಾರನ್ನು ತೋಟದ ದಾರಿಯಲ್ಲೂ ಓಡಿಸಬೇಡಿ. ಮೂರು ಬೆರಳಿನ ಪ್ಲೇ ಸಣ್ಣದಲ್ಲ. ಇಂಥ ಕಾರಿನಲ್ಲಿ ಸ್ಟೀರಿಂಗ್ ಅಂಚಿನಲ್ಲಿ 25ರಿಂದ 30 ಮಿ.ಮೀ. ದಾಟಿದರೇ ನಾನು ನಿಲ್ಲಿಸಿ ನೋಡುತ್ತೇನೆ.

ಸಾಮಾನು ಸಿಕ್ಕಿ ಹಾಕಿಸುವ ದಿನ ನೀವು ಪಕ್ಕದಲ್ಲೇ ಇರಿ. ಹಳೆಯ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದ ಮೇಲೆ ಹೊರಬಂತು ಎಂದು ಎಣಿಸಿ ಬರೆದುಕೊಳ್ಳಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿ. ಆಗ ಅಲೈನ್‌ಮೆಂಟ್ ಅಂಗಡಿಯವರೆಗೆ ಕಾರು ನೆಟ್ಟಗೆ ಹೋಗುತ್ತದೆ. ಅಲೈನ್‌ಮೆಂಟ್ ಮಾಡುವಾಗ ಎರಡೂ ಕಡೆಯ ರಾಡನ್ನು ಸಮವಾಗಿ ತಿರುಗಿಸಲಿ. ಒಂದೇ ಕಡೆ ತಿರುಗಿಸಿದರೆ ಸ್ಟೀರಿಂಗ್ ಚಕ್ರ ಓರೆಯಾಗಿ ನಿಲ್ಲುತ್ತದೆ, ರ‍್ಯಾಕ್ ಕೂಡ ನಡುವಿನಲ್ಲಿರುವುದಿಲ್ಲ. ಟೈ ರಾಡ್ ಎಂಡಿನ ಸೀಳಿರುವ ಕ್ಯಾಸಲ್ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿಸಿ, ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದು ಬೇಡ. ಪಿನ್ನಿನ ತೂತಿಗೆ ನಟ್ ಹೊಂದದಿದ್ದರೆ ಇನ್ನಷ್ಟು ಬಿಗಿ ಮಾಡಿ ಹೊಂದಿಸಬೇಕು, ಸಡಿಲ ಮಾಡಿ ಹೊಂದಿಸಬಾರದು. 200 ಕಿ.ಮೀ. ಓಡಿಸಿದ ಮೇಲೆ ಮತ್ತೆ ಕಾರಿನ ಕೆಳಗೆ ಮಲಗಿ ರ‍್ಯಾಕ್ ಕ್ಲಾಂಪ್, ಲಾಕ್ ನಟ್, ಕೋಲಿನ ಬೋಲ್ಟ್ ಮೂರಕ್ಕೂ ಸ್ಪ್ಯಾನರ್ ಹಾಕಿ ನೋಡಿ. ಆ ದಿನ ಗ್ರೀಸ್ ಗನ್ನೂ ಕೈಯಲ್ಲಿರಲಿ.